ಕಾಣದಿರುವುದೂ ಇಲ್ಲದಿರುವುದೂ

ನಮ್ಮ ಶಾಸ್ತ್ರಕಾರರು ಅಭಾವವನ್ನು ಕುರಿತು ವಿಚಾರ ಮಾಡಹೊರಟಾಗಲೆಲ್ಲ ಅವರ ಕಣ್ಣಮುಂದೆ ಇದ್ದುದು ಒಂದು ಬರಿಯ ನೆಲ, ಮತ್ತು ಆ ನೆಲದ ಮೇಲೆ ಇಲ್ಲದಿರುವ ಒಂದು ಗಡಿಗೆ. ಇಷ್ಟು ಬಡ ಸಾಮಗ್ರಿಯನ್ನಿಟ್ಟುಕೊಂಡು ಅವರು ಸಾವಿರ ವರ್ಷಕ್ಕೂ ಮಿಕ್ಕು ವಾದಿಸಿದರಲ್ಲಾ ಎಂದು ಈಗಿನವರು ನಗುವುದುಂಟು. ಗಡಿಗೆ ಇಲ್ಲವೆಂದು ತಿಳಿಯಲು ಕಣ್ಣು ಸಾಲದೆ, ಅದಕ್ಕೊಂದು ಬೇರೆ ಪ್ರಮಾಣ ಬೇಕೆ ಎಂದು ವಿದ್ಯಾರ್ಥಿದೆಸೆಯಲ್ಲಿ ನಾನೂ ನಕ್ಕವನೇ. ಆದರೆ ಬಹುಕಾಲದ ಮೇಲೆ ಮಿತ್ರರೊಬ್ಬರ ಪ್ರಯೋಗಶಾಲೆಯಲ್ಲಿ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಸೀಸೆಯ ನೀರಿನಲ್ಲಿ ಒಂದು ವಸ್ತು ಇದೆಯೋ ಇಲ್ಲವೋ ಎಂಬುದನ್ನು ನಿಶ್ಚಯಿಸುವುದಕ್ಕಾಗಿ ಆ ಸೀಸೆಯನ್ನು ಕತ್ತಲೆಯ ಪೆಟ್ಟಿಗೆಯೊಳಗೆ ಇಳಿಸಿ ಒಂದು ರಾತ್ರಿಯೆಲ್ಲ ಕಾದು, ಬೆಳಗ್ಗೆ ಬಂದ ಅಂಕಿಯನ್ನು ನೋಡಿದ ಮೇಲೂ ಆ ಅನುಭವಸ್ಥರು "ಇಲ್ಲ" ಎಂಬ ಎರಡಕ್ಷರವನ್ನು ಬರೆಯಲು ಒಪ್ಪದೆ ಕೂತದ್ದನ್ನು ಕಂಡಾಗ, ಆ ಹಳೆಯ ಗಡಿಗೆ ನನ್ನ ಪಾಲಿಗೆ ಮತ್ತೆ ನೆಲದ ಮೇಲೆ ಬಂದು ಕುಳಿತಿತು.

ಶಾಸ್ತ್ರದ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಕುಮಾರಿಲಭಟ್ಟರ ಪಕ್ಷದ ಮೀಮಾಂಸಕರೂ ಈ ವಿಷಯದಲ್ಲಿ ಅವರನ್ನನುಸರಿಸಿದ ಅದ್ವೈತಿಗಳೂ ಅಭಾವವನ್ನು ತಿಳಿಯುವುದಕ್ಕೆ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಅಂಗೀಕರಿಸಿದರು. ನೈಯಾಯಿಕರು, ಅಭಾವವು ಪದಾರ್ಥವೇ ಹೌದು, ಆದರೆ ಅದನ್ನೂ ಇಂದ್ರಿಯವೇ ಗ್ರಹಿಸುತ್ತದೆ, ಕಾಣದಿರುವಿಕೆ ಅದಕ್ಕೆ ಸಹಾಯ ಮಾತ್ರ ಎಂದರು. ಪ್ರಭಾಕರನ ಕಡೆಯವರು, ಬರಿಯ ನೆಲವನ್ನು ಬರಿಯ ನೆಲವೆಂದು ಅರಿತರೆ ಸಾಕು, ಅಭಾವವೆಂಬ ಇನ್ನೊಂದನ್ನು ಏಕೆ ಕಲ್ಪಿಸುತ್ತೀರಿ ಎಂದು ಕೇಳಿದರು. ಈ ಜಗಳದಲ್ಲಿ ಯಾರು ಗೆದ್ದರೆಂಬುದು ಇಲ್ಲಿ ಪ್ರಕೃತವಲ್ಲ. ಅಭಾವಜ್ಞಾನವನ್ನು ಒಪ್ಪಿದವರೆಲ್ಲರೂ ಒಂದು ಕಟ್ಟಳೆಯನ್ನು ಮಾತ್ರ ಸಮಾನವಾಗಿ ಹಾಕಿದರು. ಕಾಣಲಿಲ್ಲವೆಂಬ ಮಾತ್ರಕ್ಕೆ ಇಲ್ಲವೆನ್ನಕೂಡದು; ಇದ್ದಿದ್ದರೆ ಕಾಣುತ್ತಿತ್ತು ಎಂಬ ಭರವಸೆಯಿದ್ದಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ ಅವರು ಯೋಗ್ಯಾನುಪಲಬ್ಧಿಯೆಂದು ಹೆಸರಿಟ್ಟರು. ದೀಪವಾರಿದ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಕತ್ತಲೆಯ ಸಮಾಚಾರ, ಗಡಿಗೆಯ ಸಮಾಚಾರವಲ್ಲ. ಬೌದ್ಧನಾದ ಧರ್ಮಕೀರ್ತಿ ಇನ್ನೂ ನಿಷ್ಠುರವಾಗಿ, ಪಿಶಾಚದಂತೆ ಸ್ವಭಾವದಿಂದಲೇ ಕಾಣಿಸಿಕೊಳ್ಳದ ವಸ್ತುವಿನ ವಿಷಯದಲ್ಲಿ ಕಾಣದಿರುವಿಕೆಯಿಂದ ಹುಟ್ಟುವುದು ಸಂಶಯವೇ ಹೊರತು ನಿಶ್ಚಯವಲ್ಲ ಎಂದುಬಿಟ್ಟ.

ಗಡಿಗೆಯ ಉದಾಹರಣೆಯಲ್ಲಿ ಒಂದು ಅನುಕೂಲವೂ ಒಂದು ಮೋಸವೂ ಅಡಗಿವೆ. ಗಡಿಗೆ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ; ಹಗಲಿನಲ್ಲಿ ಒಂದೋ ಕಾಣುತ್ತದೆ, ಇಲ್ಲವೋ ಕಾಣುವುದಿಲ್ಲ. ಯೋಗ್ಯತೆಯೂ ಹಾಗೆಯೇ, ಇದ್ದರೆ ಪೂರ್ತಿಯಾಗಿ ಇರುವಂಥದೆಂಬ ಭಾವನೆ ಈ ಉದಾಹರಣೆಯಿಂದ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ಕಣಕಣವಾಗಿ ಕ್ಷೀಣಿಸುವ ವಸ್ತುವನ್ನು, ಅದೂ ನಾಲ್ಕಾರರ ಮಧ್ಯದಲ್ಲಿ ಒಂದನ್ನು ಹುಡುಕುವಾಗ ಈ ಭಾವನೆ ಎಷ್ಟು ಹೊತ್ತು ನಿಂತೀತು?

ಮಿತ್ರರ ಆ ಕತ್ತಲೆಯ ಪೆಟ್ಟಿಗೆ, ಎಂದರೆ ಲಿಕ್ವಿಡ್ ಸಿಂಟಿಲೇಷನ್ ಕೌಂಟರ್ ಎಂದು ಪ್ರಯೋಗಶಾಲೆಯವರು ಕರೆಯುವ ಯಂತ್ರ, ಕೆಲಸ ಮಾಡುವುದು ಸ್ಥೂಲವಾಗಿ ಹೀಗೆ. ಅವರು ಹುಡುಕುತ್ತಿದ್ದ ಟ್ರಿಟಿಯಂ ಎಂಬುದು ಜಲಜನಕದ ಒಂದು ವಿಕಿರಣಶೀಲ ರೂಪ. ಅದರ ಅರ್ಧಾಯುಷ್ಯ 12 ವರ್ಷಕ್ಕೆ ಸ್ವಲ್ಪ ಮೇಲೆ. ಅದು ಹೊರಡಿಸುವ ಬೀಟಾ ಕಣದ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟು, ಸರಾಸರಿಯಲ್ಲಿ 5.7. ಇದು ಎಷ್ಟು ಬಡಪಾಯಿಯಾದ ಕಣವೆಂದರೆ ನೀರಿನಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಕೂಡ ದಾಟಲಾರದು. ಸೀಸೆಯ ಗಾಜಿನ ಗೋಡೆಯನ್ನು ದಾಟಿ ಹೊರಗಿನ ಯಂತ್ರಕ್ಕೆ ಮುಟ್ಟುವ ಮಾತೇ ಇಲ್ಲ. ಆದುದರಿಂದ ಪರೀಕ್ಷಿಸಬೇಕಾದ ನೀರನ್ನು, ಕಣದ ಪೆಟ್ಟು ಬಿದ್ದರೆ ಮಿನುಗುವಂಥ ಒಂದು ದ್ರವದೊಡನೆಯೇ ಕಲಸಿಬಿಡುತ್ತಾರೆ. ಈ ದ್ರವಕ್ಕೆ ಅವರು ಕಾಕ್‌ಟೇಲ್ ಎನ್ನುತ್ತಾರೆ. ಪಾನನಿರೋಧದ ಸಂಸಾರದಲ್ಲಿ ಬೆಳೆದ ನನ್ನಂಥವನಿಗೆ ಆ ಹೆಸರನ್ನು ಕೇಳಿ ಮೊದಲು ಸ್ವಲ್ಪ ಗಾಬರಿಯಾಯಿತು. ಕಣದ ಶಕ್ತಿಯನ್ನು ದ್ರಾವಕವು ಹೀರಿ, ಅದರಲ್ಲಿ ಕರಗಿರುವ ಮಿನುಗುವಸ್ತುವಿಗೆ ದಾಟಿಸುತ್ತದೆ. ಅದರಿಂದ ಹೊರಟ ನೀಲಿಯ ಕ್ಷೀಣ ಬೆಳಕನ್ನು ಎರಡು ಫೋಟೊಮಲ್ಟಿಪ್ಲೈಯರ್ ನಳಿಕೆಗಳು ಎದುರುಬದುರಾಗಿ ನಿಂತು ನೋಡುತ್ತವೆ. ಎರಡೂ ಒಮ್ಮೆಗೇ ಕಂಡರೆ ಮಾತ್ರ ಅದನ್ನು ಎಣಿಕೆಗೆ ಸೇರಿಸುವುದು. ಒಂದೇ ಕಂಡರೆ ಅದು ಆ ನಳಿಕೆಯ ಸ್ವಂತ ಕನವರಿಕೆಯೆಂದು ಬಿಟ್ಟುಬಿಡುವುದು. ಈ ವಿದ್ಯೆ ಹಳೆಯದೇನಲ್ಲ. 1947ರ ಸುಮಾರಿಗೆ ಬರ್ಲಿನ್ನಿನಲ್ಲಿ ಹಾರ್ಟ್‌ಮುಟ್ ಕಾಲ್ಮನ್ ಎಂಬಾತ ನ್ಯಾಫ್ತಲೀನಿನಲ್ಲಿ, ಎಂದರೆ ನಾವು ಪೆಟ್ಟಿಗೆಯ ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ವಸ್ತುವಿನಲ್ಲಿ, ವಿಕಿರಣದಿಂದ ಹುಟ್ಟುವ ಮಿನುಗನ್ನು ಹೀಗೆ ಎಣಿಸಬಹುದೆಂದು ತೋರಿಸಿದ. 1950ರ ಹೊತ್ತಿಗೆ ಆ ಉಪಾಯ ದ್ರವಗಳಿಗೂ ಸಂದಿತು.

ಸಾಂಖ್ಯಕಾರಿಕೆಯನ್ನು ಓದಿದವರಿಗೆ ಇಲ್ಲಿ ಒಂದು ವಿನೋದ ಹೊಳೆಯದಿರದು. ಇರುವ ವಸ್ತುವೂ ಕಾಣದಿರುವುದಕ್ಕೆ ಈಶ್ವರಕೃಷ್ಣ ಹಲವು ಕಾರಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಅತಿಸಾಮೀಪ್ಯವೂ ಒಂದು, ಅದಕ್ಕೆ ವ್ಯಾಖ್ಯಾನಕಾರರು ಕೊಡುವ ದೃಷ್ಟಾಂತ ಕಣ್ಣಿಗೆ ಹಚ್ಚಿದ ಕಾಡಿಗೆ. ಕಣ್ಣಿಗೆ ಅಂಟಿರುವುದರಿಂದಲೇ ಕಾಡಿಗೆಯನ್ನು ಕಣ್ಣು ಕಾಣದು. ಟ್ರಿಟಿಯಮ್ಮಿನ ನಡತೆ ಇದಕ್ಕೆ ತಲೆಕೆಳಗು: ಅದನ್ನು ಕಾಡಿಗೆಯಂತೆ ಕಣ್ಣಿನೊಳಗೇ ಕಲಸದ ಹೊರತು ಅದು ಕಾಣಿಸುವುದೇ ಇಲ್ಲ.

ಇನ್ನು ಎಣಿಕೆ. ಯಾವ ವಿಕಿರಣವಸ್ತುವನ್ನೂ ಬೆರೆಸದೆ, ಶುದ್ಧವೆಂದು ನಂಬಿದ ನೀರನ್ನು ಕಾಕ್‌ಟೇಲಿನೊಡನೆ ಸೀಸೆಯಲ್ಲಿ ತುಂಬಿ ಎಣಿಸಿದರೂ ಯಂತ್ರ ಸುಮ್ಮನಿರುವುದಿಲ್ಲ. ಆಕಾಶದಿಂದ ಬೀಳುವ ವಿಶ್ವಕಿರಣಗಳು, ಗೋಡೆಯ ಇಟ್ಟಿಗೆ, ಸೀಸೆಯ ಗಾಜಿನಲ್ಲೇ ಇರುವ ಪೊಟ್ಯಾಸಿಯಂ, ಎಲ್ಲವೂ ತಮ್ಮ ತಮ್ಮ ಪಾಲಿನ ಮಿನುಗುಗಳನ್ನು ಸೇರಿಸುತ್ತವೆ. ಎಣಿಸಲು ನಿಂತವನ ಮೈಯಲ್ಲಿಯೇ ಪೊಟ್ಯಾಸಿಯಂ 40 ಎಂಬುದು ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಬಾರಿ ಕ್ಷಯಿಸುತ್ತಿರುತ್ತದೆ. ಪ್ರಾಭಾಕರರ ಬರಿಯ ನೆಲಕ್ಕೆ ಇದೇ ಉತ್ತರವೆಂದು ನನಗೆ ತೋರುತ್ತದೆ: ಬರಿಯ ನೆಲವನ್ನು ತಂದು ತೋರಿಸಿ ಎಂದರೆ ಪ್ರಯೋಗಶಾಲೆ ತೋರಿಸುವ ನೆಲವೂ ಬರಿದಾಗಿರುವುದಿಲ್ಲ. ಹೀಗೆ ಬರುವ ಹಿನ್ನೆಲೆಯ ಎಣಿಕೆ ಒಂದೇ ಸಮನಾಗಿರುವುದೂ ಇಲ್ಲ. ನೂರು ನಿಮಿಷದಲ್ಲಿ ಸರಾಸರಿ 400 ಬರುವ ಕಡೆ ಒಮ್ಮೆ 385, ಒಮ್ಮೆ 418 ಬರುತ್ತದೆ. ಈ ಏರಿಳಿತದ ಸಹಜವಾದ ಅಳತೆ ಎಣಿಕೆಯ ವರ್ಗಮೂಲ, ಎಂದರೆ ಇಲ್ಲಿ 20. ಪರೀಕ್ಷೆಯ ಸೀಸೆಯಲ್ಲಿ 425 ಬಂದರೆ, ಆ ಹೆಚ್ಚಿನ 25 ಟ್ರಿಟಿಯಮ್ಮಿನದೋ ಹಿನ್ನೆಲೆಯ ಚಾಂಚಲ್ಯವೋ?

1968ರಲ್ಲಿ ಅಮೆರಿಕದ ಲಾಯ್ಡ್ ಕರ್ರಿ ಎಂಬ ರಸಾಯನಶಾಸ್ತ್ರಜ್ಞ (ಹೆಸರಿನ ಸಾಮ್ಯದಿಂದ ಮೇಡಂ ಕ್ಯೂರಿಯನ್ನು ನೆನೆಯಬೇಕಾಗಿಲ್ಲ) ಈ ಪ್ರಶ್ನೆಯನ್ನು ಎರಡಾಗಿ ಸೀಳಿದ. ಅವನ ಆ ಲೇಖನವನ್ನು ನಮ್ಮ ಪ್ರಮಾಣಶಾಸ್ತ್ರದ ಪಕ್ಕದಲ್ಲಿಟ್ಟು ಓದಬೇಕು. ಎಣಿಕೆ ಮುಗಿದಮೇಲೆ, ಬಂದ ಅಂಕಿಯನ್ನು ನೋಡಿ, "ಕಂಡೆ" ಎನ್ನಬಹುದೇ ಎಂದು ತೀರ್ಮಾನಿಸುವ ಗೆರೆ ಒಂದು. ಎಣಿಕೆಗೆ ಮೊದಲೇ, ಈ ಯಂತ್ರದಲ್ಲಿ ಈ ಹಿನ್ನೆಲೆಯಲ್ಲಿ ಇಷ್ಟು ಹೊತ್ತು ಎಣಿಸಿದರೆ ಎಷ್ಟು ಪ್ರಮಾಣದ ವಸ್ತುವನ್ನು ತಪ್ಪದೆ ಕಾಣಬಹುದು ಎಂದು ಹೇಳುವ ಮಿತಿ ಇನ್ನೊಂದು. ಹಿನ್ನೆಲೆಯನ್ನೂ ಪರೀಕ್ಷೆಯ ಸೀಸೆಯನ್ನೂ ಸಮಾನ ಹೊತ್ತು ಎಣಿಸಿ, ಇಲ್ಲದ್ದನ್ನು ಇದೆಯೆನ್ನುವ ತಪ್ಪಿಗೂ ಇದ್ದದ್ದನ್ನು ಇಲ್ಲವೆನ್ನುವ ತಪ್ಪಿಗೂ ನೂರಕ್ಕೆ ಐದರಂತೆ ಅವಕಾಶ ಕೊಟ್ಟರೆ, ಮೊದಲನೆಯ ಗೆರೆ ಹಿನ್ನೆಲೆಯ ವರ್ಗಮೂಲದ 2.33ರಷ್ಟು; ಎರಡನೆಯ ಮಿತಿ ಅದೇ ವರ್ಗಮೂಲದ 4.65ರಷ್ಟಕ್ಕೆ 2.71 ಸೇರಿಸಿದಷ್ಟು. ನಮ್ಮ 400ರ ಲೆಕ್ಕದಲ್ಲಿ ಗೆರೆ 47ಕ್ಕೆ ಬೀಳುತ್ತದೆ, ಮಿತಿ 96ಕ್ಕೆ. ಈ ಎರಡನ್ನು ಒಂದೇ ಎಂದು ತಿಳಿಯುವವರು ಕಲಿತವರಲ್ಲೂ ಅನೇಕರು. 47 ಎಣಿಕೆಯನ್ನು ಕೊಡುವಷ್ಟೇ ವಸ್ತು ನಿಜವಾಗಿ ಸೀಸೆಯಲ್ಲಿದ್ದರೆ, ಎರಡು ಸಲಕ್ಕೆ ಒಂದು ಸಲ ಅದು ಗೆರೆಯ ಕೆಳಗೇ ಉಳಿದು ತಪ್ಪಿಸಿಕೊಳ್ಳುತ್ತದೆ. 96 ಕೊಡುವಷ್ಟು ಇದ್ದರೆ ಮಾತ್ರ ನೂರಕ್ಕೆ ತೊಂಬತ್ತೈದು ಸಲ ಸಿಕ್ಕಿಬೀಳುತ್ತದೆ. ಉಪಲಬ್ಧಿ ಬೇರೆ, ಯೋಗ್ಯತೆ ಬೇರೆ ಎಂದು ನಮ್ಮವರು ಹೇಳಿದ್ದಕ್ಕೂ ಇದಕ್ಕೂ ಎಳ್ಳಷ್ಟೇ ಅಂತರ. ಆ ಎಳ್ಳಷ್ಟು ಯಾವುದೆಂದರೆ, ಇಲ್ಲಿ ಯೋಗ್ಯತೆಗೆ ಒಂದು ಅಂಕಿಯುಂಟು, ಮತ್ತು ಆ ಅಂಕಿಯೊಳಗೇ ತಪ್ಪಿಗೂ ಒಂದು ಪಾಲನ್ನು ತೆಗೆದಿಟ್ಟಿದೆ. ಶಾಸ್ತ್ರದಲ್ಲಿ ಯೋಗ್ಯತೆಯಿಲ್ಲದ ಅನುಪಲಬ್ಧಿ ಬರಿಯ ಸಂಶಯ. ಕರ್ರಿಯ ಲೆಕ್ಕದಲ್ಲಿ ಸಂಶಯಕ್ಕೂ ತೂಕವುಂಟು.

ಒಂದೇ ವಸ್ತುವಿದ್ದಾಗ ಇಷ್ಟು. ನನ್ನ ಮಿತ್ರರ ಸೀಸೆಯಲ್ಲಿ ಇದ್ದುದು, ಅಥವಾ ಇರಬಹುದಾಗಿದ್ದುದು, ಒಂದೇ ಅಲ್ಲ. ಭಾರಜಲದಿಂದ ನಡೆಯುವ ಪರಮಾಣು ಸ್ಥಾವರಗಳಲ್ಲಿ, ನಮ್ಮ ಕಾಳೀ ನದಿಯ ದಡದ ಕೈಗಾದಲ್ಲಿರುವುದು ಅದೇ ಬಗೆಯದು, ಭಾರಜಲದ ಡ್ಯುಟೀರಿಯಂ ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತದೆ. ಅದೇ ನೀರಿನ ಆಮ್ಲಜನಕದ ಒಂದು ವಿರಳ ರೂಪ ನ್ಯೂಟ್ರಾನಿನ ಪೆಟ್ಟಿಗೆ ಕಾರ್ಬನ್ 14 ಆಗುತ್ತದೆ. ಹೀಗೆ ಒಂದೇ ತೊಟ್ಟಿಲಿನಲ್ಲಿ ಹುಟ್ಟಿದ ಈ ಎರಡು ಜೊತೆಯಾಗಿಯೇ ಸಿಕ್ಕುವ ಸಂಭವವುಂಟು. ಕಾರ್ಬನ್ನಿನ ಬೀಟಾ ಕಣದ ಪರಮಾವಧಿ ಶಕ್ತಿ 156 ಕಿಲೋ ಎಲೆಕ್ಟ್ರಾನ್ ವೋಲ್ಟು, ಟ್ರಿಟಿಯಮ್ಮಿನದಕ್ಕೆ ಎಂಟು ಮಡಿಗೂ ಮಿಕ್ಕದ್ದು. ಹಾಗಾದರೆ ಸಣ್ಣ ಮಿನುಗೆಲ್ಲ ಟ್ರಿಟಿಯಂ, ದೊಡ್ಡ ಮಿನುಗೆಲ್ಲ ಕಾರ್ಬನ್, ಎಂದು ಎರಡು ಕಿಟಕಿಗಳನ್ನಿಟ್ಟು ಬೇರ್ಪಡಿಸಿದರಾಗದೆ? ಆಗುತ್ತಿತ್ತು, ಬೀಟಾ ಕಣವು ತನ್ನ ಪಾಲಿನ ಶಕ್ತಿಯನ್ನು ಪ್ರತಿಸಲವೂ ಪೂರ್ತಿ ಹೊತ್ತು ತರುವಂತಿದ್ದರೆ. ಅದು ಹಾಗೆ ತರುವುದಿಲ್ಲ. ಪ್ರತಿಯೊಂದು ಕ್ಷಯದಲ್ಲಿಯೂ ಶಕ್ತಿಯ ಒಂದು ಪಾಲನ್ನು ನ್ಯೂಟ್ರಿನೊ ಎಂಬ (ಪಂಡಿತರು ಇಲ್ಲಿ ಪ್ರತಿನ್ಯೂಟ್ರಿನೊ ಎನ್ನಬೇಕೆಂದಾರು) ಅಗೋಚರ ಕಣವೊಂದು ಎತ್ತಿಕೊಂಡು ಸೀಸೆಯನ್ನೂ ಯಂತ್ರವನ್ನೂ ಭೂಮಿಯನ್ನೂ ಲೆಕ್ಕಿಸದೆ ಹೊರಟುಹೋಗುತ್ತದೆ. ಉಳಿದದ್ದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆದುದರಿಂದ ಕಾರ್ಬನ್ನಿನ ಮಿನುಗುಗಳಲ್ಲಿ ಸಣ್ಣವೂ ಬೇಕಾದಷ್ಟಿದ್ದು, ಅವು ಟ್ರಿಟಿಯಮ್ಮಿನ ಕಿಟಕಿಯಲ್ಲಿ ಬಂದು ಬೀಳುತ್ತವೆ.

ಲೆಕ್ಕಕ್ಕೆಂದು ಒಂದು ಸೀಸೆಯನ್ನು ಕಲ್ಪಿಸಿಕೊಳ್ಳೋಣ. ಹತ್ತು ಮಿಲಿಲೀಟರು ನೀರು. ನೂರು ಕ್ಷಯಗಳಲ್ಲಿ ಇಪ್ಪತ್ತೈದನ್ನು ಕಾಣಬಲ್ಲ ಯಂತ್ರ. ನೂರು ನಿಮಿಷದ ಎಣಿಕೆ. ಹಿನ್ನೆಲೆ ಮೇಲೆ ಹೇಳಿದ 400. ಟ್ರಿಟಿಯಂ ಒಂದೇ ಇದ್ದರೆ ಪತ್ತೆಯ ಮಿತಿ ಲೀಟರಿಗೆ ಸುಮಾರು 6 ಬೆಕರೆಲ್ (ಬೆಕರೆಲ್ ಎಂದರೆ ಸೆಕೆಂಡಿಗೆ ಒಂದು ಕ್ಷಯ). ಈಗ ಅದೇ ಸೀಸೆಗೆ 10 ಬೆಕರೆಲ್ ಕಾರ್ಬನ್ 14 ಬಂದು ಸೇರಲಿ, ಅದರ ಕ್ಷಯಗಳಲ್ಲಿ ನೂರಕ್ಕೆ ಹದಿನಾರು ಟ್ರಿಟಿಯಮ್ಮಿನ ಕಿಟಕಿಗೆ ಬೀಳಲಿ. ನಿಮಿಷಕ್ಕೆ 96 ಹೆಚ್ಚಿಗೆ ಬರುತ್ತದೆ. ನೂರು ನಿಮಿಷದ ಹಿನ್ನೆಲೆ 400 ಇದ್ದುದು 10,000 ಆಗುತ್ತದೆ. ವರ್ಗಮೂಲ 20ರಿಂದ 100ಕ್ಕೆ ಏರುತ್ತದೆ. ಮಿತಿ ಲೀಟರಿಗೆ 31 ಬೆಕರೆಲಿನ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಟ್ರಿಟಿಯಂ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ, ನೋಡುವವನೂ ಬದಲಾಗಲಿಲ್ಲ. ಬದಲಾದುದು ನೆರೆಮನೆ. ಕಾರ್ಬನ್ ಎಷ್ಟಿದೆಯೆಂದು ಮೇಲಿನ ಕಿಟಕಿಯಿಂದ ತಿಳಿದು, ಕೆಳಗೆ ಬಿದ್ದ ಅದರ ಪಾಲನ್ನು ಕಳೆದುಬಿಡಬಹುದಲ್ಲ ಎಂದು ಕೇಳಬಹುದು. ಕಳೆಯಬಹುದು, ಕಳೆಯುತ್ತಾರೆ, ಎರಡು ಸಮೀಕರಣ, ಎರಡು ಅವ್ಯಕ್ತ, ಹೈಸ್ಕೂಲಿನ ಹುಡುಗ ಬಿಡಿಸಿಯಾನು. ಆದರೆ ಕಳೆಯಬಹುದಾದದ್ದು ಸರಾಸರಿಯನ್ನು ಮಾತ್ರ. ಚಾಂಚಲ್ಯವನ್ನು ಕಳೆಯಲು ಬರುವುದಿಲ್ಲ, ಅದು ಕೂಡುತ್ತಲೇ ಹೋಗುತ್ತದೆ.

ನಮ್ಮ ಶಾಸ್ತ್ರಗಳಲ್ಲಿ ಯೋಗ್ಯತೆಯ ಮಾತು ಬಂದಾಗ ಅದನ್ನು ಬಹುಮಟ್ಟಿಗೆ ವಸ್ತುವಿನ ಗುಣವೆಂದೋ ಇಂದ್ರಿಯದ ಸಾಮರ್ಥ್ಯವೆಂದೋ ಎಣಿಸುತ್ತಾರೆ. ಮಿಶ್ರಣದ ಸೀಸೆ ನನಗೆ ಕಲಿಸಿದ ಪಾಠವೆಂದರೆ, ಕಾಣುವ ಯೋಗ್ಯತೆ ಇಡೀ ಸಹವಾಸಕ್ಕೆ ಸೇರಿದ್ದು ಎಂಬುದು. ಇದನ್ನು ಅತ್ಯಂತ ಸಮೀಪದಿಂದ ಮುಟ್ಟಿದವನು ಮತ್ತೆ ಈಶ್ವರಕೃಷ್ಣನೇ. ಅವನ ಪಟ್ಟಿಯಲ್ಲಿ ಅಭಿಭವವೆಂಬುದೊಂದಿದೆ: ಹಗಲಿನ ಸೂರ್ಯನ ಮುಂದೆ ನಕ್ಷತ್ರಗಳು ಕಾಣವು. ಸಮಾನಾಭಿಹಾರವೆಂಬುದೊಂದಿದೆ: ಮೋಡದಿಂದ ಕೆರೆಗೆ ಬಿದ್ದ ಮಳೆಹನಿ ಕೆರೆಯ ನೀರಿನಲ್ಲಿ ಬೇರೆಯಾಗಿ ಕಾಣದು. ಕಾರ್ಬನ್ನಿನ ಎದುರಿಗೆ ಟ್ರಿಟಿಯಂ ಅನುಭವಿಸುವುದು ಅಭಿಭವ. ಗಂಧಕ 35 ಎಂಬುದರ ಪರಮಾವಧಿ ಶಕ್ತಿ 167, ಕಾರ್ಬನ್ 14ರದು 156. ಇವೆರಡು ಬೆರೆತರೆ ಯಾವ ಕಿಟಕಿಯೂ ಅವನ್ನು ಬೇರ್ಪಡಿಸಲಾರದು. ಅದು ಸಮಾನಾಭಿಹಾರವೇ ಸರಿ. ಪ್ರಕೃತಿಯು ಸೂಕ್ಷ್ಮವಾಗಿರುವುದರಿಂದ ಕಾಣುವುದಿಲ್ಲವೇ ಹೊರತು ಇಲ್ಲದಿರುವುದರಿಂದಲ್ಲ ಎಂದು ಸಾಧಿಸುವುದಕ್ಕಾಗಿ ಅವನು ಈ ಪಟ್ಟಿಯನ್ನು ಮಾಡಿದ. ತನ್ನ ಉದ್ದೇಶಕ್ಕಿಂತ ಹೆಚ್ಚಿನದನ್ನು ಮಾಡಿಟ್ಟುಹೋದ ಎಂದು ನನ್ನ ಭಾವನೆ.

ಆ ಪಟ್ಟಿಯಲ್ಲಿ ಇಂದ್ರಿಯದ ಕುಂದೂ ಇದೆ. ಅದಕ್ಕೆ ಸಂವಾದಿಯಾದುದನ್ನು ಪ್ರಯೋಗಶಾಲೆಯವರು ಕ್ವೆಂಚಿಂಗ್ ಎನ್ನುತ್ತಾರೆ: ಮಾದರಿಯಲ್ಲಿರುವ ಬಣ್ಣವೋ ಆಮ್ಲವೋ ಮತ್ತಾವುದೋ ಸಂಯುಕ್ತವೋ ಮಿನುಗನ್ನು ಹುಟ್ಟುವ ಮೊದಲೇ ತಣಿಸಿಬಿಡುವುದು, ಅಥವಾ ಹುಟ್ಟಿದ ಮೇಲೆ ನುಂಗುವುದು. ಇದರಿಂದ ಟ್ರಿಟಿಯಂ ಮರೆಯಾಗುತ್ತದೆ. ಅದು ಬರಿಯ ಅಜ್ಞಾನ. ಕಾರ್ಬನ್ನಿಗೆ ಆಗುವುದು ಇನ್ನೂ ಕೆಟ್ಟದ್ದು. ಅದರ ದೊಡ್ಡ ಮಿನುಗುಗಳು ಕುಗ್ಗಿ ಸಣ್ಣವಾಗಿ ಟ್ರಿಟಿಯಮ್ಮಿನ ಕಿಟಕಿಯಲ್ಲಿ ಟ್ರಿಟಿಯಮ್ಮಿನ ವೇಷದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಇದು ಕಾಣದಿರುವುದಲ್ಲ, ಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವುದು. ಇದಕ್ಕೆ ಅವರು ಹೂಡಿರುವ ಉಪಾಯಗಳಲ್ಲಿ ಹಳೆಯದೊಂದು ನನ್ನನ್ನು ಬಹುವಾಗಿ ಆಕರ್ಷಿಸಿತು. ಎಣಿಸಿಯಾದ ಸೀಸೆಗೆ, ಪ್ರಮಾಣ ಚೆನ್ನಾಗಿ ತಿಳಿದಿರುವ ಟ್ರಿಟಿಯಂ ಒಂದಿಷ್ಟನ್ನು ತಾವೇ ಸೇರಿಸಿ ಮತ್ತೆ ಎಣಿಸುತ್ತಾರೆ. ಸೇರಿಸಿದ ನೂರರಲ್ಲಿ ಎಷ್ಟು ಕಂಡಿತೋ ಅಷ್ಟೇ ಆ ಸೀಸೆಯ ಕಣ್ಣಿನ ಬಲ. ನೈಯಾಯಿಕರು "ಇಲ್ಲಿ ಗಡಿಗೆ ಇದ್ದಿದ್ದರೆ ನೆಲದಂತೆಯೇ ಕಾಣುತ್ತಿತ್ತು" ಎಂಬ ತರ್ಕವನ್ನು ಮನಸ್ಸಿನಲ್ಲಿ ನಡೆಸಿ ತೃಪ್ತರಾದರು. ಇವರು ಒಂದು ಗಡಿಗೆಯನ್ನು ಹೊತ್ತು ತಂದು ಆ ನೆಲದ ಮೇಲೆ ಇಟ್ಟು, ಕಾಣುತ್ತದೆಯೇ ಎಂದು ನೋಡುತ್ತಾರೆ.

ಹಾಗಾದರೆ ಕಾಣುವ ಯೋಗ್ಯತೆಯೇ ಇಲ್ಲದುದರ ಅಭಾವವನ್ನು ತಿಳಿಯಲು ಮಾರ್ಗವೇ ಇಲ್ಲವೆ? ಇಲ್ಲವೆಂದ ಧರ್ಮಕೀರ್ತಿಗೆ ಎದುರಾಗಿ ನಿಂತವನು ಜೈನಾಚಾರ್ಯ ಅಕಲಂಕ; ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನ ಅವನ ವಾದಪಟುತ್ವವನ್ನು ಹಾಡಿ ಹೊಗಳಿರುವುದನ್ನು ಕನ್ನಡಿಗರು ಬಲ್ಲರು. ಅಕಲಂಕ ಕೇಳಿದುದು ಇಷ್ಟು. ಪರರ ಚೈತನ್ಯ ಯಾರ ಕಣ್ಣಿಗೂ ಯಾವಾಗಲೂ ಕಾಣುವಂಥದಲ್ಲ. ಕಾಣದುದರ ಅಭಾವ ತಿಳಿಯದೆಂದಾದರೆ, ಸತ್ತವನ ದೇಹದಲ್ಲಿ ಚೈತನ್ಯವಿಲ್ಲವೆಂದು ನಾವು ಹೇಗೆ ತಿಳಿದೆವು? ತಿಳಿಯದೆಯೇ ಚಿತೆಗೆ ಬೆಂಕಿಯಿಟ್ಟವರೆಲ್ಲರೂ ಪಾತಕಿಗಳಾಗಬೇಕಲ್ಲ? ಆಕಾರದಲ್ಲಿ ತೋರುವ ವಿಕಾರದಿಂದ, ಅದು ಬೇರೆ ರೀತಿಯಲ್ಲಿ ಉಪಪನ್ನವಾಗದುದರಿಂದ, ಅದೃಶ್ಯದ ಅಭಾವವನ್ನೂ ಲೋಕ ನಿಶ್ಚಯಿಸುತ್ತದೆ ಎಂಬುದು ಅವನ ಸಮಾಧಾನ. ಈ ವಾದದಲ್ಲಿ ನನಗೆ ಮೊದಲು ಚಾತುರ್ಯವಷ್ಟೇ ಕಂಡಿತ್ತು. ಈಗ ಅದರಲ್ಲಿ ಗಟ್ಟಿಯಾದ ಕಾಳಿದೆಯೆಂದು ಒಪ್ಪುತ್ತೇನೆ. ಗಂಧಕ 35ನ್ನೂ ಕಾರ್ಬನ್ 14ನ್ನೂ ಶಕ್ತಿಯಿಂದ ಬೇರ್ಪಡಿಸಲಾಗದ ಸೀಸೆಯನ್ನು ಕಪಾಟಿನಲ್ಲಿಟ್ಟು ಮೂರು ತಿಂಗಳ ಮೇಲೆ ಮತ್ತೆ ಎಣಿಸಿ. ಗಂಧಕದ ಅರ್ಧಾಯುಷ್ಯ 87 ದಿನ, ಅದು ಅರ್ಧಕ್ಕಿಳಿದಿರುತ್ತದೆ. ಕಾರ್ಬನ್ನಿನ ಅರ್ಧಾಯುಷ್ಯ 5,700 ವರ್ಷ, ಅದು ಅಲುಗಿರುವುದಿಲ್ಲ. ಎಣಿಕೆ ಇಳಿಯದಿದ್ದರೆ ಗಂಧಕವಿರಲಿಲ್ಲ. ಸ್ಟ್ರಾನ್ಶಿಯಂ 90ರ ಕಥೆಯೂ ಹೀಗೆಯೇ: ಅದರ ಮಗಳಾದ ಯಿಟ್ರಿಯಂ 90ನ್ನು ಬೇರ್ಪಡಿಸಿ ತೆಗೆದು, 64 ಗಂಟೆಯ ಅರ್ಧಾಯುಷ್ಯದ ಆ ಮಗಳು ಮತ್ತೆ ಹುಟ್ಟಿ ಬೆಳೆಯುತ್ತಾಳೆಯೇ ಎಂದು ಎರಡು ವಾರ ಕಾದು ನೋಡಿದರೆ, ತಾಯಿ ಮನೆಯಲ್ಲಿದ್ದಾಳೆಯೋ ಇಲ್ಲವೋ ತಿಳಿಯುತ್ತದೆ. ಶಕ್ತಿಯ ಕಿಟಕಿಯಲ್ಲಿ ಅಯೋಗ್ಯವಾದುದು ಕಾಲದ ಕಿಟಕಿಯಲ್ಲಿ ಯೋಗ್ಯವಾಗುತ್ತದೆ. ಅಲ್ಲಿಯೂ ಮಿತಿಯಿಲ್ಲವೆಂದಲ್ಲ, ಇಳಿತವನ್ನೂ ಏರಿಕೆಯನ್ನೂ ಅದೇ ಚಂಚಲವಾದ ಎಣಿಕೆಯಿಂದಲೇ ಓದಬೇಕಷ್ಟೆ.

ಈ ಮಾತನ್ನು ಬರೆಯುವಾಗ ಹಿನ್ನೆಲೆಯಲ್ಲಿ ಇನ್ನೊಂದು ಪ್ರಶ್ನೆ ಮಿಣುಕುತ್ತಿರುವುದನ್ನು ಓದುಗರು ಗ್ರಹಿಸಿರಬಹುದು. ಹುಡುಕಿದೆ, ಕಾಣಲಿಲ್ಲ, ಆದುದರಿಂದ ದೇವರಿಲ್ಲ ಎಂಬ ವಾದಕ್ಕೆ ಹತ್ತನೆಯ ಶತಮಾನದ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ ಕೊಟ್ಟ ಉತ್ತರ ಯೋಗ್ಯತೆಯ ಕಟ್ಟಳೆಯೇ. ಈಶ್ವರನು ಇಂದ್ರಿಯಕ್ಕೆ ಯೋಗ್ಯನೆಂದು ಯಾರೂ ಹೇಳಿಲ್ಲ. ಆದುದರಿಂದ ಅವನು ಕಾಣದಿರುವುದು ಅವನ ಅಭಾವಕ್ಕೆ ಸಾಧಕವಲ್ಲ. ಬರಿಯ ಕಾಣದಿರುವಿಕೆಯೇ ಸಾಕೆಂದರೆ, ಮನೆಯಿಂದ ಹೊರಗೆ ಕಾಲಿಟ್ಟ ಚಾರ್ವಾಕ ಮಹಾಶಯ, ಹೆಂಡತಿ ಮಕ್ಕಳು ಕಾಣುತ್ತಿಲ್ಲವಾದ್ದರಿಂದ ಅವರು ಇಲ್ಲವೇ ಇಲ್ಲವೆಂದು ನಿಶ್ಚಯಿಸಿ, ಎದೆ ಬಡಿದುಕೊಂಡು ಬೀದಿಯಲ್ಲಿ ಅಳಬೇಕಾದೀತು ಎಂದು ಉದಯನ ಹಾಸ್ಯಮಾಡುತ್ತಾನೆ. ಹಾಸ್ಯ ಚೆನ್ನಾಗಿದೆ, ವಾದವೂ ನಿರ್ದುಷ್ಟವಾಗಿದೆ. ಆದರೆ ಆಸ್ತಿಕರಾದ ನಾವು ಇಲ್ಲಿಗೇ ನಿಂತು ಗೆದ್ದೆವೆಂದು ಮನೆಗೆ ಹೋಗುವುದು ಸಲ್ಲದು. ಪತ್ತೆಯ ಮಿತಿಯ ಕೆಳಗಿರುವುದೆಂದರೆ ಇಲ್ಲವೆಂದಲ್ಲ, ಸರಿ, ಇದೆಯೆಂದೂ ಅಲ್ಲ. ಯಾವ ನಿರಾಕರಣೆಯೂ ತಲುಪದಷ್ಟು ಆಳದಲ್ಲಿ ದೇವರನ್ನು ಬಚ್ಚಿಟ್ಟವನು ಅವನನ್ನು ಪ್ರಮಾಣದಿಂದ ಮಾತ್ರವಲ್ಲ, ಪ್ರಯೋಜನದಿಂದಲೂ ದೂರಮಾಡಿದನೆಂದು ನನ್ನ ಮತ. ಉದಯನ ಸ್ವತಃ ಹಾಗೆ ಮಾಡಲಿಲ್ಲವೆಂಬುದನ್ನು ನೆನೆಯಬೇಕು. ಬಾಧಕವನ್ನು ಮೂರನೆಯ ಸ್ತಬಕದಲ್ಲಿ ಪರಿಹರಿಸಿ, ಸಾಧಕವನ್ನು ಐದನೆಯ ಸ್ತಬಕದಲ್ಲಿ ಬೇರೆಯಾಗಿಯೇ ಹೇಳುವ ಹೊಣೆ ಹೊತ್ತ. ಆ ಸಾಧಕಗಳು ಎಷ್ಟು ಗಟ್ಟಿಯೆಂಬುದು ಬೇರೆ ವಿಷಯ.

ಅಯೋಗ್ಯವೆಂಬ ಮುದ್ರೆ ಶಾಶ್ವತವೆಂದು ಭಾವಿಸುವವರಿಗೆ ಆ ನ್ಯೂಟ್ರಿನೊವಿನ ಚರಿತ್ರೆಯನ್ನೂ ಹೇಳಬೇಕು. ಬೀಟಾ ಕ್ಷಯದಲ್ಲಿ ಶಕ್ತಿ ಲೆಕ್ಕಕ್ಕೆ ಸಿಕ್ಕದೆ ಕಾಣೆಯಾಗುವುದನ್ನು ಕಂಡು 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಒಂದು ಅದೃಶ್ಯ ಕಣವನ್ನು ಕಲ್ಪಿಸಿದ, ಅರ್ಥಾಪತ್ತಿಯೆಂದು ನಮ್ಮ ಮೀಮಾಂಸಕರು ಯಾವುದನ್ನು ಕರೆಯುತ್ತಾರೋ ಅದೇ ರೀತಿಯಲ್ಲಿ. ಹಗಲು ಉಣ್ಣದ ದೇವದತ್ತ ದಪ್ಪನಾಗಿರುವುದರಿಂದ ರಾತ್ರಿ ಉಣ್ಣುತ್ತಿರಬೇಕು. ಪತ್ತೆಗೆ ಸಿಕ್ಕದಂಥದನ್ನು ಕಲ್ಪಿಸಿದೆನಲ್ಲಾ ಎಂಬ ಅಳುಕು ಅವನಿಗೇ ಇತ್ತು. 1956ರಲ್ಲಿ ಅಮೆರಿಕದ ಸವಾನ್ನಾ ನದಿಯ ಸ್ಥಾವರದ ಬಳಿ ಕ್ಲೈಡ್ ಕೋವನ್ ಮತ್ತು ಫ್ರೆಡರಿಕ್ ರೈನ್ಸ್ ಅದನ್ನು ಹಿಡಿದರು. ಹಿಡಿದುದು ಯಾವುದರಿಂದ? ಇದೇ ಮಿನುಗುವ ದ್ರವವನ್ನು ಭಾರಿ ತೊಟ್ಟಿಗಳಲ್ಲಿ ತುಂಬಿ. ಟ್ರಿಟಿಯಮ್ಮನ್ನೂ ಕಾರ್ಬನ್ನನ್ನೂ ಬೆರೆಸಿಹಾಕಿ ನಮ್ಮ ಸೀಸೆಗಳಲ್ಲಿ ಗೊಂದಲವೆಬ್ಬಿಸಿದ ಕಳ್ಳನನ್ನು ಅದೇ ಜಾತಿಯ ಸೀಸೆ ಹಿಡಿದುಕೊಟ್ಟಿತು.

ವಿಷಯ ಎಲ್ಲಿಂದ ಎಲ್ಲಿಗೋ ಹರಿಯಿತು. ಮತ್ತೆ ನೀರಿಗೆ ಬರುತ್ತೇನೆ. ಒಮ್ಮೆ ಕರಾವಳಿಯ ಕಡೆಯ ರೈತರೊಬ್ಬರು ಬಾವಿಯ ನೀರಿನ ವರದಿಯನ್ನು ಹಿಡಿದು ನನ್ನ ಮಿತ್ರರನ್ನು ಕೇಳುತ್ತಿದ್ದರು: "ಉಂಟೋ ಇಲ್ಲವೋ, ಒಂದು ಮಾತು ಹೇಳಿಬಿಡಿ ಸ್ವಾಮಿ." "ಇದ್ದರೆ ಲೀಟರಿಗೆ ಆರಕ್ಕಿಂತ ಕಡಿಮೆ ಹೆಗಡೆಯವರೆ" ಎಂದರು ಮಿತ್ರರು. ರೈತರ ಮುಖದಲ್ಲಿ ಸಮಾಧಾನ ಮೂಡಲಿಲ್ಲ. "ಇದ್ದರೆ" ಎಂಬ ಮಾತು ಅವರ ಕಿವಿಯಲ್ಲಿ "ಇದೆ" ಎಂದು ಕೇಳಿಸಿತು. ಅದೇ ಅಂಕಿಯನ್ನು ನೋಡಿದ ಕಚೇರಿಯವರೊಬ್ಬರು ತಮ್ಮ ಪುಸ್ತಕದಲ್ಲಿ ಸೊನ್ನೆ ಬರೆದುಕೊಂಡು ಹೋದರು. ಇಬ್ಬರೂ ತಪ್ಪು. ರೈತರ ಅಂಜಿಕೆಗೆ ಸಮಾಧಾನ ಬೇರೆ ಕಡೆಯಿಂದ ಬರಬೇಕಾಗಿತ್ತು: ಕುಡಿಯುವ ನೀರಿನ ಟ್ರಿಟಿಯಮ್ಮಿಗೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗದರ್ಶಿಯಾಗಿ ಇಟ್ಟಿರುವ ಅಂಕಿ ಲೀಟರಿಗೆ 10,000 ಬೆಕರೆಲ್, ಆರಾದರೇನು, ಮೂವತ್ತೊಂದಾದರೇನು, ಅದರ ಮುಂದೆ ಅಲ್ಪವೇ. ಇದನ್ನು ಹೇಳಿದ ಮೇಲೆ ಅವರು ನೆಮ್ಮದಿಯಿಂದ ಎದ್ದರು. ಪರೀಕ್ಷೆಯಲ್ಲಿ ಅದು ನಿಜವಾಗಿ ಕಂಡದ್ದೂ ಉಂಟು: 2009ರ ನವೆಂಬರಿನಲ್ಲಿ ಕೈಗಾದ ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ಟ್ರಿಟಿಯಂ ಕಂಡು, ಅದರ ಮೂಲ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಪತ್ತೆಯಾಯಿತು. ಕಾಣಬೇಕಾದುದು ಅಂದು ಕಂಡಿತೆಂಬ ಕಾರಣದಿಂದಲೇ, ಕಾಣದ ದಿನಗಳ ವರದಿಗೂ ಬೆಲೆಯುಂಟು.

ಸೊನ್ನೆ ಬರೆದವರ ತಪ್ಪು ಸಣ್ಣದೆಂದು ತೋರಬಹುದು, ಸಣ್ಣದಲ್ಲ. ಹಿನ್ನೆಲೆಯನ್ನು ಕಳೆದಾಗ ಉಳಿಯುವ ಅಂಕಿ ಎಷ್ಟೋ ಸಲ ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. 400 ಕಳೆಯಬೇಕಾದಲ್ಲಿ 388 ಬಂದರೆ ಉಳಿಯುವುದು ಋಣ 12. ಇಲ್ಲದುದಕ್ಕಿಂತಲೂ ಕಡಿಮೆಯಾದ ಇರವು ತತ್ತ್ವಶಾಸ್ತ್ರದಲ್ಲಿ ಅಸಂಬದ್ಧ, ಆದರೆ ಎಣಿಕೆಯ ಪುಸ್ತಕದಲ್ಲಿ ಅದು ಸತ್ಯ. ಅದನ್ನು ಹಾಗೆಯೇ, ಅದರ ಅನಿಶ್ಚಯದೊಡನೆ ಬರೆದಿಡಬೇಕು. ಋಣವನ್ನೆಲ್ಲ ಸೊನ್ನೆ ಮಾಡಿ, ಧನವನ್ನೆಲ್ಲ ಹಾಗೆಯೇ ಉಳಿಸಿ, ವರ್ಷದ ಸರಾಸರಿ ತೆಗೆದರೆ ಇಲ್ಲದ ಟ್ರಿಟಿಯಂ ಬಾವಿಯಲ್ಲಿ ಹುಟ್ಟುತ್ತದೆ. ಮಿತಿಯ ಕೆಳಗಿನದನ್ನೆಲ್ಲ ಸೊನ್ನೆ ಮಾಡಿದರೆ ಇರುವ ಟ್ರಿಟಿಯಂ ಬಾವಿಯಿಂದ ಮಾಯವಾಗುತ್ತದೆ. ಮಿತ್ರರು ಆ ಬೆಳಗ್ಗೆ "ಇಲ್ಲ" ಎಂದು ಬರೆಯದೆ ಕೂತದ್ದು ಈ ಕಾರಣಕ್ಕೆ. ಕೊನೆಗೆ ಅವರು ಬರೆದುದು ಕಂಡ ಅಂಕಿಯನ್ನು, ಅದರ ಪಕ್ಕದಲ್ಲಿ ಅನಿಶ್ಚಯವನ್ನು, ಅದರ ಕೆಳಗೆ ಮಿತಿಯನ್ನು, ಮತ್ತು ಆ ಸೀಸೆಯಲ್ಲಿದ್ದ ಕಾರ್ಬನ್ನಿನ ಪ್ರಮಾಣವನ್ನು.

ನಿಮ್ಮ ಊರಿನ ನೀರಿನದೋ ಮಣ್ಣಿನದೋ ಅಂಥ ಕಾಗದ ಎಂದಾದರೂ ಕೈಗೆ ಬಂದು, ಅದರಲ್ಲಿ "ಕಂಡುಬಂದಿಲ್ಲ" ಎಂದಿದ್ದರೆ, ದಯವಿಟ್ಟು ಕೊಟ್ಟವರನ್ನು ಕೇಳಿ: ಎಷ್ಟು ಹೊತ್ತು ಎಣಿಸಿದಿರಿ, ಸೀಸೆಯಲ್ಲಿ ಜೊತೆಗೆ ಇನ್ನೇನೇನಿತ್ತು, ಇದ್ದಿದ್ದರೆ ಎಷ್ಟಕ್ಕೆ ಕಾಣುತ್ತಿತ್ತು? ಹೀಗೆ ಕೇಳಿದರೆಂದು ಕೆಲಸ ಬಲ್ಲ ಯಾವ ಪ್ರಯೋಗಶಾಲೆಯವರೂ ಬೇಸರಪಟ್ಟುಕೊಳ್ಳುವುದಿಲ್ಲ.